ಎಂಜಿನ್ನಿನ ನಡುಹಾಸು

ಕನ್ನಡದ ಮೇಷ್ಟ್ರೊಬ್ಬ ಕಾರಿನ ಎಂಜಿನ್ನನ್ನು ಕುರಿತು ಮಾತನಾಡಹೊರಟರೆ ಶ್ರೋತೃಗಳಲ್ಲಿ ಕೆಲವರಾದರೂ ಮುಗುಳ್ನಗುವುದು ಸಹಜ. ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನಿಗೆ ಈ ವಿಷಯದಲ್ಲಿ ಇರುವ ಅಧಿಕಾರವಾದರೂ ಯಾವುದು? ಒಂದೇ ಒಂದು. ನನ್ನ ಕೈಯಿಂದಲೇ ಒಂದು ಎಂಜಿನ್ನು ಕೆಟ್ಟಿತು. ಕೆಟ್ಟದ್ದನ್ನು ಬಿಚ್ಚಿ ಕಟ್ಟುವವರ ಬಳಿ ಮೂರು ದಿನ ಒಂದು ಹಳೆಯ ಟೈರಿನ ಮೇಲೆ ಕುಳಿತು ನೋಡಿದೆ. ನೋಡಿದ್ದನ್ನು ಅರ್ಥಮಾಡಿಕೊಳ್ಳುವುದಕ್ಕಾಗಿ, ನಿವೃತ್ತನಿಗೆ ಹೇರಳವಾಗಿರುವ ಬಿಡುವಿನಲ್ಲಿ, ಒಂದಿಷ್ಟು ಓದಿದೆ. ಈ ಮಾತಿನ ಹಿಂದೆ ಇರುವ ಬಂಡವಾಳ ಅಷ್ಟೇ.

೨೦೧೯ರ ಮೇ ತಿಂಗಳು. ಉಡುಪಿಯ ಕಡೆ ಮದುವೆಯೊಂದನ್ನು ಮುಗಿಸಿಕೊಂಡು ನಾನೂ ನನ್ನ ಅಕ್ಕನೂ ಆಗುಂಬೆಯ ಮಾರ್ಗವಾಗಿ ಶಿವಮೊಗ್ಗಕ್ಕೆ ಹಿಂದಿರುಗುತ್ತಿದ್ದೆವು. ಕಾರು ಹಳೆಯದು, ನಾನು ಕೊಳ್ಳುವ ಹೊತ್ತಿಗೇ ಒಬ್ಬರ ಕೈಯಲ್ಲಿ ಪಳಗಿದ್ದದ್ದು. ಹೆಬ್ರಿ ದಾಟಿ ಸೋಮೇಶ್ವರವನ್ನು ಸಮೀಪಿಸುತ್ತಿದ್ದಾಗ ಅಕ್ಕ, ‘ಏನೋ ಬೆಲ್ಲದ ಪಾಕ ಕಾಯಿಸಿದ ಹಾಗೆ ವಾಸನೆ ಬರುತ್ತಿದೆಯಲ್ಲ’ ಎಂದಳು. ಮದುವೆಯ ಮನೆಯವರು ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ ಹಿಂದಿನ ಸೀಟಿನಲ್ಲಿತ್ತು. ಅದರದೇ ಇರಬೇಕೆಂದೆ. ‘ಹೋಳಿಗೆಯ ವಾಸನೆ ನನಗೆ ತಿಳಿಯದೇ?’ ಎಂದು ಅವಳು ಸುಮ್ಮನಾದಳು. ಘಾಟಿಯ ೧೪ ತಿರುವುಗಳಲ್ಲಿ ಅರ್ಧದಷ್ಟನ್ನು ಹತ್ತುವ ವೇಳೆಗೆ ಉಷ್ಣಮಾಪಕದ ಮುಳ್ಳು ಮೇಲಕ್ಕೆ ಸರಿಯತೊಡಗಿತು. ಅಲ್ಲಿಯೇ ನಿಲ್ಲಿಸಬೇಕಾಗಿತ್ತು. ಆದರೆ ತಿರುವಿನಲ್ಲಿ ಹೇಗೆ ನಿಲ್ಲುವುದು, ತುದಿ ಇನ್ನೇನು ಬಂತಲ್ಲ, ಎಂಬ ಎರಡು ನೆವಗಳು ನನಗೆ ಒಟ್ಟಿಗೇ ದೊರೆತವು. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಕ್ಕನಿಗೆ ಅದನ್ನು ತೋರಿಸಿ, ‘ನೋಡು, ಏನೂ ಇಲ್ಲ’ ಎಂದೆ.

ಆ ಮುಳ್ಳು ಇಳಿದದ್ದರ ಅರ್ಥ ಏನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಉಷ್ಣತೆಯನ್ನು ಅಳೆಯುವ ಸಾಧನ ಎಂಜಿನ್ನಿನೊಳಗಿನ ನೀರಿನಲ್ಲಿ ಮುಳುಗಿರುತ್ತದೆ. ನೀರಿದ್ದರೆ ತಾನೇ ಅದು ನೀರಿನ ಬಿಸಿಯನ್ನು ಹೇಳೀತು? ನೀರು ತೀರಿಹೋಗಿ ಸಾಧನದ ಸುತ್ತ ಬರಿಯ ಗಾಳಿಯೂ ಆವಿಯೂ ಉಳಿದಾಗ ಮುಳ್ಳು ಕೆಳಗಿಳಿಯುವುದುಂಟು. ನಾನು ಚೇತರಿಕೆಯೆಂದು ತಿಳಿದದ್ದು ಎಂಜಿನ್ನಿನ ಊರ್ಧ್ವಶ್ವಾಸ.

ಘಾಟಿಯ ತುದಿಯಲ್ಲಿ, ಪ್ರವಾಸಿಗರು ಸೂರ್ಯಾಸ್ತ ನೋಡಲು ನಿಲ್ಲುವ ಕಟ್ಟೆಯ ಬಳಿ, ಕಾರು ಆವಿಯುಗುಳಿ ನಿಂತಿತು. ಕಟ್ಟೆಯ ಮೇಲಿದ್ದ ಮಂಗಗಳು ಕೂಡ ದೂರ ಸರಿದು ಕುಳಿತವು. ನಾನು ಕರ್ಚೀಫನ್ನು ಒದ್ದೆಮಾಡಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುವುದರಲ್ಲಿದ್ದೆ. ಹಿಂದಿನಿಂದ ಬಂದ ಮಿನಿ ಬಸ್ಸಿನ ಚಾಲಕ ಕಿಟಕಿಯಿಂದಲೇ, ‘ಸ್ವಾಮೀ, ಮುಖ ಸುಡುತ್ತೆ, ಮುಟ್ಟಬೇಡಿ’ ಎಂದು ಕೂಗಿದ. ಆತ ಹೇಳಿದ್ದು ಅಕ್ಷರಶಃ ನಿಜ. ಆ ಮುಚ್ಚಳ ಬರಿಯ ಮುಚ್ಚಳವಲ್ಲ; ಒಳಗಿನ ನೀರಿನ ಮೇಲೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಅಧಿಕ ಒತ್ತಡವನ್ನು ಹಿಡಿದಿಡುವ ಕವಾಟ. ಈ ಒತ್ತಡದಿಂದಾಗಿ ನೀರು ೧೦೦ ಡಿಗ್ರಿಯಲ್ಲಿ ಕುದಿಯದೆ ಸುಮಾರು ೧೨೦ ಡಿಗ್ರಿಯವರೆಗೆ ನೀರಾಗಿಯೇ ಉಳಿಯುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಹೋಗುತ್ತದೆ. ಅಷ್ಟು ಹೊತ್ತು ತಡೆದುಕೊಂಡಿದ್ದ ನೀರೆಲ್ಲ ಏಕಕಾಲಕ್ಕೆ ಕುದಿದು ಎರಚುತ್ತದೆ. ಕಾದ ಎಂಜಿನ್ನನ್ನು ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಅದಕ್ಕೂ ಹೆಚ್ಚು ಹೊತ್ತು ಮುಟ್ಟದಿರುವುದೇ ಮೇಲು. ಕಾದ ಲೋಹದ ಮೇಲೆ ತಣ್ಣೀರು ಸುರಿದರೆ ಅದು ಸೀಳುವ ಭಯವೂ ಉಂಟು. ನನ್ನ ಬಾಲ್ಯದಲ್ಲಿ ಘಾಟಿ ಹತ್ತುವ ಬಸ್ಸುಗಳು ನಡುದಾರಿಯಲ್ಲಿ ನಿಂತು, ಕ್ಲೀನರನು ತಗಡಿನ ಡಬ್ಬಿಯಲ್ಲಿ ಹಳ್ಳದ ನೀರು ತಂದು ಹೊಯ್ಯುತ್ತಿದ್ದುದನ್ನು ನೋಡಿದ್ದೆನಾದ್ದರಿಂದ ನನಗೂ ಅದೇ ಬುದ್ಧಿ ಬಂದಿತ್ತು. ಆದರೆ ಆ ಕ್ಲೀನರುಗಳಿಗೆ ತಾವು ಮಾಡುತ್ತಿರುವುದೇನೆಂಬುದು ತಿಳಿದಿತ್ತು.

ಅಕ್ಕನ ಮೂಗಿಗೆ ತಾಗಿದ ಸಿಹಿವಾಸನೆಯ ಕಾರಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈಗಿನ ಎಂಜಿನ್ನುಗಳಲ್ಲಿ ಹರಿಯುವುದು ಬರಿಯ ನೀರಲ್ಲ. ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸಿದ ನೀರು, ಅಂದರೆ ಕೂಲೆಂಟ್. ಅದು ಕುದಿಬಿಂದುವನ್ನು ಏರಿಸುತ್ತದೆ. ಅದರೊಡನೆ ಸೇರಿಸಿರುವ ಇತರ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಅದು ಬಿಸಿ ಲೋಹದ ಮೇಲೆ ತೊಟ್ಟಿಕ್ಕಿದಾಗ ಪಾಕದಂಥ ಸಿಹಿವಾಸನೆ ಹೊಮ್ಮುತ್ತದೆ. (ವಾಸನೆ ಸಿಹಿಯೆಂದು ಯಾರೂ ನಾಲಗೆಗೆ ತಾಗಿಸಬಾರದು, ಅದು ಮೂತ್ರಪಿಂಡಗಳನ್ನು ಕೆಡಿಸುವ ವಿಷ.) ನನ್ನ ಕಾರಿನಲ್ಲಿ ಬಿರಿದದ್ದು ರೇಡಿಯೇಟರಿನ ಒಂದು ರಬ್ಬರು ಕೊಳವೆ. ಸೋಮೇಶ್ವರದಲ್ಲಿಯೇ ನಿಲ್ಲಿಸಿದ್ದರೆ ಅಲ್ಪ ಖರ್ಚಿನಲ್ಲಿ, ಒಂದು ಗಂಟೆಯ ಹೊತ್ತಿನಲ್ಲಿ ಮುಗಿಯಬೇಕಾದ ಕೆಲಸ. ನಿಲ್ಲಿಸದ ಕಾರಣ ಅದು ಹೆಡ್ ಗ್ಯಾಸ್ಕೆಟ್ ಎಂಬ ತೆಳು ಹಾಳೆಗೆ ಮುಟ್ಟಿತು.

ಈ ಗ್ಯಾಸ್ಕೆಟ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಯ ಮಾತಿಲ್ಲ. ಪಾಠಪುಸ್ತಕದವರು ಸಿಲಿಂಡರಿಗೆ ಉರುಳೆ ಎಂದರು, ಪಿಸ್ಟನ್ನಿಗೆ ಆಡುಬೆಣೆ ಎಂದರು. ಎರಡನೆಯದು ನಿಜವಾಗಿಯೂ ಸೊಗಸಾದ ಪದವೇ, ಆದರೆ ಗ್ಯಾರೇಜಿನ ಬಾಗಿಲು ದಾಟಲಿಲ್ಲ. ಇಂಗ್ಲಿಷಿನಲ್ಲಿ ಗ್ಯಾಸ್ಕೆಟ್ ಎಂದರೆ ಮೊದಲು ಹಡಗಿನ ಮಡಿಸಿದ ಹಾಯಿಯನ್ನು ಅಡ್ಡಮರಕ್ಕೆ ಕಟ್ಟುವ ಹುರಿ. ಕಟ್ಟುವ ಹುರಿಯ ಹೆಸರು ಕಾಲಾಂತರದಲ್ಲಿ ಸಂದನ್ನು ಮುಚ್ಚುವ ವಸ್ತುವಿಗೆ ಸಂದಿತು. ನಾನು ನನ್ನ ಅನುಕೂಲಕ್ಕೆ ಇದನ್ನು ನಡುಹಾಸು ಎಂದು ಕರೆದುಕೊಂಡಿದ್ದೇನೆ. ಒಪ್ಪಿಗೆಯಾಗದವರು ಗ್ಯಾಸ್ಕೆಟ್ ಎಂದೇ ಕೇಳಿಸಿಕೊಳ್ಳಬಹುದು.

ಎಂಜಿನ್ನನ್ನು ಎರಡು ಭಾಗವಾಗಿ ಕಲ್ಪಿಸಿಕೊಳ್ಳಿ. ಕೆಳಗಿನದು ಬ್ಲಾಕ್: ಅದರಲ್ಲಿ ಬಾವಿಗಳಂತೆ ಕೊರೆದ ಸಿಲಿಂಡರುಗಳು, ಅವುಗಳಲ್ಲಿ ಏರಿಳಿಯುವ ಪಿಸ್ಟನ್ನುಗಳು. ಮೇಲಿನದು ಹೆಡ್, ಅಂದರೆ ಆ ಬಾವಿಗಳ ಮೇಲೆ ಬೋರಲು ಹಾಕಿದ ಮುಚ್ಚಳ. ಉಸಿರಾಡುವ ಕವಾಟಗಳೂ ಕಿಡಿ ಹೊತ್ತಿಸುವ ಪ್ಲಗ್ಗುಗಳೂ ಇರುವುದು ಅದರಲ್ಲಿ. ಹೆಡ್ಡನ್ನು ಬ್ಲಾಕಿಗೆ ಉದ್ದನೆಯ ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಎರಡರ ನಡುವೆ ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ಹಾಳೆಯೊಂದಿರುತ್ತದೆ. ನಮ್ಮ ಕಥೆಯ ನಾಯಕ ಅದೇ.

ಈ ಹಾಳೆಯಲ್ಲಿ ಹಲವು ರಂಧ್ರಗಳು. ದೊಡ್ಡವು ಸಿಲಿಂಡರುಗಳಿಗಾಗಿ; ಸುತ್ತಲಿನ ಚಿಕ್ಕವು ಕೆಲವು ಕೂಲೆಂಟ್ ಹರಿಯುವುದಕ್ಕೆ, ಒಂದೆರಡು ಎಣ್ಣೆ ಮೇಲೇರುವುದಕ್ಕೂ ಇಳಿಯುವುದಕ್ಕೂ, ಉಳಿದವು ಬೋಲ್ಟುಗಳಿಗೆ. ಸಿಲಿಂಡರಿನೊಳಗೆ ಇಂಧನ ಉರಿಯುವ ಗಳಿಗೆಯಲ್ಲಿ ಜ್ವಾಲೆಯ ಉಷ್ಣತೆ ೨೦೦೦ ಡಿಗ್ರಿಯನ್ನು ಮೀರುತ್ತದೆ. ಪೆಟ್ರೋಲ್ ಎಂಜಿನ್ನು ಪೂರ್ಣಭಾರದಲ್ಲಿದ್ದಾಗ ಒತ್ತಡ ವಾಯುಮಂಡಲದ ಐವತ್ತರಷ್ಟನ್ನು ಮುಟ್ಟಬಹುದು. ಡೀಸೆಲ್ಲಿನಲ್ಲಿ ನೂರನ್ನೂ ಮೀರುವುದುಂಟು. ಅಲ್ಲಿಂದ ಒಂದು ಬೆರಳಿನಷ್ಟು ದೂರದಲ್ಲಿ ೯೦ ಡಿಗ್ರಿಯ ಕೂಲೆಂಟು. ಅದರ ಬದಿಯಲ್ಲಿ ಪಂಪು ಒತ್ತಿ ಕಳುಹಿಸುವ ಎಣ್ಣೆ. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದೇ ಮನೆಯಲ್ಲಿರಬೇಕು, ಒಂದನ್ನೊಂದು ಮುಟ್ಟಬಾರದು. ವ್ಯಾಕರಣದ ಸಂಧಿಯಲ್ಲಿ ಎರಡು ಅಕ್ಷರಗಳು ಕೂಡಿದರೆ ಒಂದು ಲೋಪವಾಗುತ್ತದೆ, ಇಲ್ಲವೇ ಹೊಸದೊಂದು ಆಗಮಿಸುತ್ತದೆ, ಇಲ್ಲವೇ ಒಂದರ ಸ್ಥಾನಕ್ಕೆ ಇನ್ನೊಂದು ಆದೇಶವಾಗಿ ಬರುತ್ತದೆ. ಈ ಲೋಹಸಂಧಿಯಲ್ಲಿ ಮಾತ್ರ ಲೋಪಾಗಮಾದೇಶಗಳಲ್ಲಿ ಯಾವುದಾದರೂ ಒಂದು ನಡೆದರೆ ಕಾರು ನಿಂತಂತೆಯೇ.

ಇಷ್ಟನ್ನೂ ತಡೆದು ನಿಲ್ಲುವ ಹಾಳೆ ಕೆಡುವುದಾದರೂ ಏತಕ್ಕೆ? ಹಾಳೆ ತಾನಾಗಿ ಸವೆಯುವುದಕ್ಕಿಂತ, ಅದನ್ನು ಅದುಮಿ ಹಿಡಿದ ಎರಡು ಲೋಹಗಳು ಅಳತೆ ತಪ್ಪುವುದೇ ಹೆಚ್ಚು. ಬಹಳಷ್ಟು ಕಾರುಗಳಲ್ಲಿ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಮ್. ಬಿಸಿಯಾದಾಗ ಅಲ್ಯೂಮಿನಿಯಮ್ಮು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ೪೦ ಸೆಂಟಿಮೀಟರ್ ಉದ್ದದ ಹೆಡ್ಡೊಂದು ೨೦ ಡಿಗ್ರಿಯಿಂದ ೯೦ ಡಿಗ್ರಿಗೆ ಏರಿದರೆ ಅದು ಸುಮಾರು ೦.೬ ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಕಬ್ಬಿಣ ೦.೩ರಷ್ಟು ಮಾತ್ರ. ಈ ಅಂತರವನ್ನು ನಡುಹಾಸು ದಿನಕ್ಕೆ ಎರಡು ಸಲ, ವರ್ಷಗಟ್ಟಲೆ, ಸವರಿಕೊಂಡು ಸಹಿಸಬೇಕು. ಸಹಿಸುತ್ತದೆ ಕೂಡ. ಆದರೆ ನೀರಿಲ್ಲದೆ ಕಾದ ಅಲ್ಯೂಮಿನಿಯಮ್ಮು ಸಾಲದಕ್ಕೆ ಮೆದುವಾಗುತ್ತದೆ. ಬೋಲ್ಟುಗಳು ಹಿಡಿದ ಹಿಡಿತದಲ್ಲಿ ಹಿಗ್ಗಲು ಜಾಗ ಸಾಲದೆ ಡೊಂಕಾಗುತ್ತದೆ. ತಣಿದ ಮೇಲೂ ಡೊಂಕು ಉಳಿಯುತ್ತದೆ. ಆಗ ಹಾಳೆಯ ಮೇಲಿನ ಒತ್ತು ಒಂದೆಡೆ ಸಡಿಲವಾಗುತ್ತದೆ, ಆ ಸಡಿಲಿನಲ್ಲಿ ಬೆಂಕಿ ದಾರಿ ಮಾಡಿಕೊಳ್ಳುತ್ತದೆ.

ಇದು ನಮ್ಮಂಥ ಅಜಾಗರೂಕರ ಪಾಡು ಮಾತ್ರವೆಂದು ತಿಳಿಯಬೇಕಾಗಿಲ್ಲ. ದೊಡ್ಡ ದೊಡ್ಡ ಕಾರ್ಖಾನೆಗಳ ವಿನ್ಯಾಸಕಾರರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಜನರಲ್ ಮೋಟಾರ್ಸ್ ೧೯೭೦ರಲ್ಲಿ ಷೆವ್ರೊಲೆ ವೇಗಾ ಎಂಬ ಚಿಕ್ಕ ಕಾರನ್ನು ಬಿಡುಗಡೆ ಮಾಡಿತು. ಅದರಲ್ಲಿ ಲೋಕರೂಢಿ ತಲೆಕೆಳಗಾಗಿತ್ತು: ಬ್ಲಾಕು ಅಲ್ಯೂಮಿನಿಯಮ್, ಹೆಡ್ಡು ಕಬ್ಬಿಣ. ಅಲ್ಯೂಮಿನಿಯಮ್ಮಿಗೆ ಶೇಕಡಾ ೧೭ರಷ್ಟು ಸಿಲಿಕಾನ್ ಬೆರೆಸಿ, ಸಿಲಿಂಡರಿಗೆ ಕಬ್ಬಿಣದ ತೋಳು ತೊಡಿಸದೆ ಹಾಗೆಯೇ ಬಿಟ್ಟಿದ್ದರು. ಕೂಲೆಂಟು ಕಡಿಮೆಯಾಗಿ ಎಂಜಿನ್ನು ಕಾದರೆ ಬ್ಲಾಕು ವಕ್ರವಾಗುವುದು, ನಡುಹಾಸು ಬಿಟ್ಟುಕೊಡುವುದು, ಸಿಲಿಂಡರಿನ ಗೋಡೆ ಗೀಚಿಹೋಗುವುದು. ಜೊತೆಗೆ ಕವಾಟದ ದಂಡದ ರಬ್ಬರು ಮುದ್ರೆಗಳು ಗಟ್ಟಿಯಾಗಿ ಎಣ್ಣೆ ಸೋರಿ ಉರಿದುಹೋಗುವುದು. ಹೆಡ್ ಗ್ಯಾಸ್ಕೆಟ್ಟೂ ಎಣ್ಣೆಯ ನಷ್ಟವೂ ಒಂದೇ ವಾಹನದಲ್ಲಿ ಜೋಡಿಯಾಗಿ ಬಂದು ಹೆಸರು ಕೆಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಕಂಪನಿ ರೇಡಿಯೇಟರನ್ನು ತಿದ್ದಿತು, ಕಡೆಗೆ ಎಂಜಿನ್ನಿಗೆ ೫ ವರ್ಷ ಅಥವಾ ೬೦,೦೦೦ ಮೈಲಿಯ ಭರವಸೆಯನ್ನೂ ಕೊಟ್ಟಿತು. ಇಪ್ಪತ್ತು ಲಕ್ಷದಷ್ಟು ಕಾರುಗಳು ತಯಾರಾದ ಮೇಲೆ ೧೯೭೭ರಲ್ಲಿ ವೇಗಾ ನಿಂತಿತು.

ಇನ್ನೊಂದು ಕಥೆ ಇಂಗ್ಲೆಂಡಿನದು. ನನಗೆ ಹೆಚ್ಚು ಮರುಕ ಹುಟ್ಟಿಸಿದ್ದು ಇದೇ. ರೋವರ್ ಕಂಪನಿಯವರು ೧೯೮೦ರ ದಶಕದ ಕೊನೆಯಲ್ಲಿ ರೂಪಿಸಿದ ಕೆ-ಸೀರೀಸ್ ಎಂಜಿನ್ನು ಬಹು ಹಗುರ, ಬಹು ಜಾಣತನದ ರಚನೆ. ಹೆಡ್ಡಿನಿಂದ ತಳದವರೆಗೆ ಹಾಯ್ದುಹೋಗುವ ನೀಳ ಬೋಲ್ಟುಗಳು ಇಡೀ ಎಂಜಿನ್ನನ್ನು ಪದರ ಪದರವಾಗಿ ಒಂದುಗೂಡಿಸಿ ಹಿಡಿಯುತ್ತಿದ್ದವು. ಚಿಕ್ಕ ಅಳತೆಯಲ್ಲಿ ಅದು ಮೆಚ್ಚುಗೆ ಗಳಿಸಿತು. ಆಮೇಲೆ ಅದೇ ಚೌಕಟ್ಟಿನಲ್ಲಿ ಸಿಲಿಂಡರುಗಳನ್ನು ಹಿಗ್ಗಿಸಿ ೧.೮ ಲೀಟರಿನ ಎಂಜಿನ್ನನ್ನು ಮಾಡಿದರು. ಅದರಲ್ಲಿ ಹರಿಯುವ ಕೂಲೆಂಟಿನ ಪ್ರಮಾಣ ಅಲ್ಪ. ಎಲ್ಲಿಯಾದರೂ ಸ್ವಲ್ಪ ಸೋರಿದರೂ ತಾಳುವ ಶಕ್ತಿಯಿಲ್ಲ. ಹೆಡ್ಡನ್ನು ಸ್ಥಾನದಲ್ಲಿ ನಿಲ್ಲಿಸುವ ಗೂಟಗಳನ್ನು ಕೆಲವು ಕಾಲ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರೆಂಬುದೂ ಉಂಟು. ಆಮೇಲೆ ಉಕ್ಕಿಗೆ ಮರಳಿದರು. ನಡುಹಾಸಿನ ದೋಷದಿಂದ ಈ ಎಂಜಿನ್ನಿಗೆ ಬಂದ ಕೆಟ್ಟ ಹೆಸರು ಕಂಪನಿಯ ಕೊನೆಯ ದಿನಗಳವರೆಗೂ ಬಿಡಲಿಲ್ಲ. ೨೦೦೫ರ ಏಪ್ರಿಲಿನಲ್ಲಿ ಎಂಜಿ ರೋವರ್ ಮುಳುಗಿತು. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿದರೆ ಆ ಎಂಜಿನ್ನು ಬಹುಮಟ್ಟಿಗೆ ಸರಿಹೋಗುತ್ತದೆಂಬುದು ಕಂಡುಬರುವಷ್ಟರಲ್ಲಿ ಹೆಸರು ಹೋಗಿಯಾಗಿತ್ತು.

ಉಕ್ಕಿನ ಪದರಗಳೆಂದೆನಲ್ಲ, ಅದು ಈಚಿನ ಪದ್ಧತಿ. ಹಿಂದೆ ತಾಮ್ರದ ಎರಡು ಹಾಳೆಗಳ ನಡುವೆ ಕಲ್ನಾರು ತುಂಬಿ ಗ್ಯಾಸ್ಕೆಟ್ ಮಾಡುತ್ತಿದ್ದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಗ್ರಾಫೈಟಿನಂಥವು ಬಂದವು. ೧೯೯೦ರ ದಶಕದಿಂದೀಚೆಗೆ ಸ್ಪ್ರಿಂಗಿನಂತೆ ಪುಟಿಯುವ ಮೂರು ನಾಲ್ಕು ಉಕ್ಕಿನ ಪದರಗಳದ್ದು ಹೆಚ್ಚು ಬಳಕೆಗೆ ಬಂದಿದೆ. ಇದು ಗಟ್ಟಿ; ಆದರೆ ಇದು ಕೂರುವ ಲೋಹದ ಮುಖ ಕನ್ನಡಿಯಂತೆ ನುಣುಪಾಗಿರಬೇಕು.

ನಡುಹಾಸು ಹೋಯಿತೆಂಬುದನ್ನು ಅರಿಯುವುದು ಹೇಗೆ? ಎಲ್ಲಿ ಹರಿದಿದೆ ಎಂಬುದರ ಮೇಲೆ ಲಕ್ಷಣ ಬೇರೆ. ಸಿಲಿಂಡರಿನಿಂದ ನೀರಿನ ದಾರಿಗೆ ಹರಿದರೆ ದಹನಾನಿಲ ಕೂಲೆಂಟಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ. ಎಂಜಿನ್ನು ಇನ್ನೂ ಬಿಸಿಯಾಗುವ ಮೊದಲೇ ಕೊಳವೆಗಳು ಕಲ್ಲಿನಂತೆ ಬಿಗಿಯುತ್ತವೆ. ಅದೇ ದಾರಿಯಲ್ಲಿ ನೀರು ಸಿಲಿಂಡರಿಗೆ ಇಳಿದು, ಹೊಗೆಕೊಳವೆಯಿಂದ ದಟ್ಟವಾದ ಬಿಳಿಯ ಆವಿಯಾಗಿ, ಮತ್ತೆ ಆ ಪಾಕದ ವಾಸನೆಯೊಡನೆ ಹೊರಬರುತ್ತದೆ. ಚಳಿಗಾಲದ ಬೆಳಗಿನಲ್ಲಿ ಎಲ್ಲ ಕಾರುಗಳೂ ಒಂದೆರಡು ನಿಮಿಷ ಬಿಳಿಯ ಆವಿ ಬಿಡುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ; ಬಿಸಿಯೇರಿದ ಮೇಲೂ ನಿಲ್ಲದಿದ್ದರೆ ಹೆದರಬೇಕು. ಪಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಹರಿದರೆ ಎಂಜಿನ್ನು ಕುಂಟುತ್ತದೆ, ನೀರಾಗಲಿ ಎಣ್ಣೆಯಾಗಲಿ ಕಡಿಮೆಯಾಗುವುದಿಲ್ಲ. ನೀರು ಎಲ್ಲಿಯೂ ಸೋರದೆ ವಾರ ವಾರಕ್ಕೂ ಇಳಿಯುತ್ತಿದ್ದರೆ ಅದು ಒಳದಾರಿ ಹಿಡಿದಿದೆಯೆಂದು ಸಂಶಯಪಡತಕ್ಕದ್ದೇ. ಖಚಿತವಾಗಿ ತಿಳಿಯಬೇಕಾದರೆ ಒಂದು ಚಂದದ ಪರೀಕ್ಷೆಯಿದೆ. ರೇಡಿಯೇಟರಿನ ಬಾಯಲ್ಲಿ ಏಳುವ ಗಾಳಿಯನ್ನು ನೀಲಿ ಬಣ್ಣದ ದ್ರವವೊಂದರ ಮೂಲಕ ಹಾಯಿಸುತ್ತಾರೆ. ಆ ಗಾಳಿಯಲ್ಲಿ ಇಂಧನ ಉರಿದು ಹುಟ್ಟಿದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಎಣ್ಣೆಯ ವಿಚಾರ ಇನ್ನೂ ಸೂಕ್ಷ್ಮ. ಎಣ್ಣೆಯ ದಾರಿಗೂ ನೀರಿನ ದಾರಿಗೂ ನಡುವಣ ಗೋಡೆ ಹೋದರೆ ಎಂಜಿನ್ನು ಓಡುತ್ತಿರುವಾಗ ಒತ್ತಡ ಹೆಚ್ಚಿರುವ ಎಣ್ಣೆ ನೀರಿಗೆ ನುಗ್ಗುತ್ತದೆ. ನಿಲ್ಲಿಸಿದೊಡನೆ ಎಣ್ಣೆಯ ಒತ್ತಡ ಬಿದ್ದುಹೋಗಿ, ಇನ್ನೂ ಬಿಗಿಯಾಗಿಯೇ ಇರುವ ನೀರು ಎಣ್ಣೆಗೆ ನುಗ್ಗುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದರೆ ಹಾಲು ಹೆಚ್ಚಾದ ಕಾಫಿಯ ನೊರೆಯಂಥದು ಅಂಟಿರುತ್ತದೆ. ಇಲ್ಲಿಯೂ ಒಂದು ಎಚ್ಚರ: ದಿನವೂ ತರಕಾರಿ ಅಂಗಡಿಯವರೆಗೆ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ನು ಪೂರ್ತಿ ಬಿಸಿಯಾಗದೆ, ಬರಿಯ ತೇವದಿಂದಲೇ ಮುಚ್ಚಳದಲ್ಲಿ ಅಂಥ ನೊರೆ ಸ್ವಲ್ಪ ಕಟ್ಟುವುದುಂಟು. ಅಳತೆಕಡ್ಡಿಯಲ್ಲಿಯೂ ಕಾಫಿಯೇ ಕಂಡರೆ ಮಾತ್ರ ಕಾರನ್ನು ಓಡಿಸಬಾರದು. ತಿರುಗುವ ಲೋಹಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಎಣ್ಣೆಯ ಒಂದು ತೆಳುಪರೆ ಇರುತ್ತದೆ. ಎರಡು ಲೋಹಗಳೂ ಆ ಪರೆಯ ಮೇಲೆ ತೇಲುತ್ತವೆಯೇ ಹೊರತು ಮುಟ್ಟುವುದಿಲ್ಲ. ನೀರು ಬೆರೆತ ಎಣ್ಣೆಗೆ ಆ ಪರೆಯನ್ನು ಕಟ್ಟುವ ಶಕ್ತಿಯಿಲ್ಲ.

ಎಣ್ಣೆ ಕಡಿಮೆಯಾದದ್ದೆಲ್ಲ ನಡುಹಾಸಿನ ತಪ್ಪಲ್ಲ. ನಮ್ಮವರು ‘ಕಾರು ಆಯಿಲ್ ಕುಡಿಯುತ್ತದೆ’ ಎನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ಕುಡಿಯುವುದು ಬೇರೆ, ಚೆಲ್ಲುವುದು ಬೇರೆ. ಮೇಲ್ಮುಚ್ಚಳದ, ತಳದ ತಟ್ಟೆಯ, ದಂಡದ ತುದಿಯ ಮುದ್ರೆಗಳು ಹಳತಾಗಿ ಚೆಲ್ಲಿದರೆ ನೆಲದ ಮೇಲೆ ಕಲೆಯಾಗುತ್ತದೆ. ರಾತ್ರಿ ಕಾರಿನಡಿ ಒಂದು ಹಳೆಯ ರಟ್ಟು ಹಾಸಿಟ್ಟರೆ ಬೆಳಗಾಗುವಾಗ ಎಲ್ಲಿಂದ ಎಂಬುದು ಗೊತ್ತಾಗುತ್ತದೆ. ನೆಲ ಶುಭ್ರವಾಗಿದ್ದೂ ಎಣ್ಣೆ ಇಳಿದರೆ ಅದು ಉರಿಯುತ್ತಿದೆ, ಹೊಗೆ ನೀಲಿಯಾಗಿರುತ್ತದೆ. ರಾತ್ರಿ ನಿಂತ ಕಾರು ಬೆಳಿಗ್ಗೆ ಹೊರಟಾಗ ಒಂದು ಗುಕ್ಕು ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಕವಾಟದ ಮುದ್ರೆಗಳು. ವೇಗ ಹೆಚ್ಚಿಸುವಾಗಲೆಲ್ಲ ಬಿಟ್ಟರೆ ಪಿಸ್ಟನ್ನಿನ ಉಂಗುರಗಳು. ಮೊದಲನೆಯದು ಬಗೆಹರಿಯುವ ತೊಂದರೆ, ಎರಡನೆಯದು ದೊಡ್ಡ ಖರ್ಚು.

ಇಲ್ಲಿ ಬಹಳ ಮಂದಿ ಕಾರಿನವರು ತಪ್ಪು ತಿಳಿದಿರುವ ಸಂಗತಿಯೊಂದುಂಟು. ಮುಂದಿನ ಫಲಕದಲ್ಲಿ ಗಿಂಡಿಯ ಚಿತ್ರದ ಕೆಂಪು ದೀಪ ಎಣ್ಣೆ ಕಡಿಮೆಯಾಗಿದೆಯೆಂದು ಹೇಳುವ ದೀಪವಲ್ಲ. ಎಣ್ಣೆಯ ಒತ್ತಡ ಬಿದ್ದುಹೋಗಿದೆಯೆಂದು ಅದು ಹೇಳುತ್ತದೆ. ಎಣ್ಣೆ ಅರ್ಧಕ್ಕರ್ಧ ಇಳಿದಿದ್ದರೂ ಪಂಪಿಗೆ ಎಟಕುವವರೆಗೆ ದೀಪ ತಣ್ಣಗಿರುತ್ತದೆ. ಅದು ಹೊತ್ತಿದಾಗ ಬದಿಗೆ ಸರಿದು ಒಡನೆಯೇ ಎಂಜಿನ್ನು ನಿಲ್ಲಿಸತಕ್ಕದ್ದು. ಮನೆಗೆ ಹೋಗಿ ನೋಡೋಣವೆಂಬ ಮಾತೇ ಇಲ್ಲ. ಎಣ್ಣೆಯ ಮಟ್ಟವನ್ನು ತಿಳಿಸುವುದು ಅಳತೆಕಡ್ಡಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ ಐದು ನಿಮಿಷ ಬಿಟ್ಟು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಎರಡು ಗುರುತುಗಳ ನಡುವಣ ಅಂತರ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರು.

ಈಗ ನನ್ನ ಕಾರಿಗೆ ಹಿಂದಿರುಗುತ್ತೇನೆ. ತೀರ್ಥಹಳ್ಳಿಯವರೆಗೆ ಎಳೆಸಿಕೊಂಡು ಹೋಗಿ ಕೊಳವೆಯನ್ನು ಬದಲಾಯಿಸಿದ್ದಾಯಿತು. ಮನೆಗೆ ಬಂದ ಮೇಲೆ ನೀರು ಗುಟ್ಟಾಗಿ ಇಳಿಯತೊಡಗಿತು. ನಮ್ಮೂರಿನ ಮೇಸ್ತ್ರಿಯೊಬ್ಬರು ಗುಳ್ಳೆಗಳನ್ನು ನೋಡಿ, ಹೆಡ್ಡು ಎತ್ತಬೇಕೆಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಪಿಂಚಣಿಯ ಹತ್ತಿರ ಹತ್ತಿರ ಬಂತು. ವಿಚಿತ್ರವೆಂದರೆ ಗ್ಯಾಸ್ಕೆಟ್ಟಿನ ಬೆಲೆ ಅದರಲ್ಲಿ ಬಹಳ ಸಣ್ಣ ಪಾಲು. ಅದನ್ನು ಮುಟ್ಟುವುದಕ್ಕಾಗಿ ಬಿಚ್ಚಬೇಕಾದದ್ದಕ್ಕೆ, ಮತ್ತೆ ಜೋಡಿಸಬೇಕಾದದ್ದಕ್ಕೆ ಉಳಿದ ಹಣವೆಲ್ಲ. ಹಿತೈಷಿಯೊಬ್ಬರು ಉಪಾಯ ಹೇಳಿದರು: ಒಂದು ಬಾಟಲಿ ಮದ್ದು ಸಿಕ್ಕುತ್ತದೆ, ರೇಡಿಯೇಟರಿಗೆ ಹುಯ್ಯಿರಿ, ಬಿರುಕು ಮುಚ್ಚುತ್ತದೆ, ಮುಚ್ಚಿರುವಾಗಲೇ ಕಾರನ್ನು ಮಾರಿಬಿಡಿ. ನಾನು ಹುಯ್ದೆ.

ಆ ಬಗೆಯ ಮದ್ದುಗಳಲ್ಲಿ ಕೆಲವಕ್ಕೆ ಆಧಾರ ಸೋಡಿಯಂ ಸಿಲಿಕೇಟ್, ಅಂದರೆ ನೀರ್ಗಾಜು. ಬಿರುಕಿನ ಬಳಿಯ ಬಿಸಿಯಲ್ಲಿ ನೀರಿನ ಅಂಶ ಕಳೆದುಕೊಂಡು ಗಾಜಿನಂತೆ ಗಟ್ಟಿಯಾಗಿ ಸಂದನ್ನು ತುಂಬುತ್ತದೆ. ಕೆಲವು ವಾರ, ಕೆಲವು ತಿಂಗಳು ನಿಲ್ಲುವುದೂ ಉಂಟು. ಬಿರುಕನ್ನಷ್ಟೇ ಮುಚ್ಚುತ್ತದೆಂಬ ಭರವಸೆಯಿಲ್ಲ. ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚೀತು. ಇದೇ ವಸ್ತುವಿನ ಇನ್ನೊಂದು ಉಪಯೋಗವನ್ನು ಓದಿದಾಗ ನನಗೆ ಬೆವರು ಬಂತು. ಅಮೆರಿಕದ ಸರಕಾರ ೨೦೦೯ರಲ್ಲಿ ಹಳೆಯ ಕಾರುಗಳನ್ನು ಕೊಟ್ಟು ಹೊಸದನ್ನು ಕೊಳ್ಳುವವರಿಗೆ ಧನಸಹಾಯ ಕೊಟ್ಟಿತು. ಆರೂವರೆ ಲಕ್ಷಕ್ಕೂ ಹೆಚ್ಚು ಹಳೆಯ ವಾಹನಗಳು ಬಂದವು. ಅವು ಮತ್ತೆ ರಸ್ತೆಗಿಳಿಯಬಾರದೆಂದು, ಎಣ್ಣೆಯನ್ನು ಬಸಿದು ಅದರ ಸ್ಥಾನದಲ್ಲಿ ಸೋಡಿಯಂ ಸಿಲಿಕೇಟಿನ ದ್ರಾವಣವನ್ನು ಹೊಯ್ದು ಎಂಜಿನ್ನನ್ನು ಓಡಿಸಬೇಕೆಂದು ನಿಯಮ ಮಾಡಿದ್ದರು. ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಕಚ್ಚಿಕೊಂಡು ಸಾಯುತ್ತಿತ್ತು. ನೀರಿನ ದಾರಿಯಲ್ಲಿ ಮದ್ದು, ಎಣ್ಣೆಯ ದಾರಿಯಲ್ಲಿ ವಿಷ. ನನ್ನ ಕಾರಿನಲ್ಲಿ ಆ ಎರಡು ದಾರಿಗಳ ನಡುವೆ ಇದ್ದದ್ದು ಅದೇ ಹಾಳೆಯಾಗಿತ್ತು.

ಮೂರು ವಾರ ಕಾರು ಚೆನ್ನಾಗಿ ಓಡಿತು. ನೋಡಲು ಒಬ್ಬ ತರುಣ ಬಂದ. ಹಳ್ಳಿಯೊಂದರ ಪ್ರೌಢಶಾಲೆಯ ಉಪಾಧ್ಯಾಯ. ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಶಿವಮೊಗ್ಗಕ್ಕೆ ಕರೆತರಬೇಕು, ಬಸ್ಸಿನಲ್ಲಿ ಆಗುತ್ತಿಲ್ಲವೆಂದ. ನನ್ನ ಪುಸ್ತಕಗಳ ಕಪಾಟನ್ನು ಕಂಡು ಅವನಿಗೆ ವಿಶ್ವಾಸ ಮೂಡಿತೆಂಬುದು ನನಗೆ ಕಾಣುತ್ತಿತ್ತು. ಬೆಲೆಯ ಮಾತು ಮುಗಿಯಿತು. ಎದ್ದು ನಿಂತವನು, ‘ಸಾರ್, ಎಂಜಿನ್ನು ಯಾವಾಗಲಾದರೂ ಕಾದಿತ್ತೇ?’ ಎಂದು ಕೇಳಿದ. ಹೌದೆಂದೆ. ಆಗುಂಬೆಯ ಕಥೆಯನ್ನೂ ಬಾಟಲಿಯ ಕಥೆಯನ್ನೂ ಹೇಳಿದೆ. ಆತ ಕೇಳದೆ ಹೋಗಿದ್ದರೆ ಹೇಳುತ್ತಿದ್ದೆನೇ? ಈ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಆತ ಬೇರೆ ಕಾರು ಕೊಂಡ.

ಮರುದಿನ ಮೇಸ್ತ್ರಿಯ ಬಳಿಗೆ ಹೋದೆ. ಹೆಡ್ಡು ಎತ್ತಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ನಡುಹಾಸು ಕರಿಯಾಗಿ ಸವೆದಿತ್ತು. ಅದರ ಪಕ್ಕದ ನೀರಿನ ರಂಧ್ರದ ಬಾಯಲ್ಲಿ ಗಾಜಿನಂಥ ಬಿಳಿಯ ಚಕ್ಕೆ. ಮೇಸ್ತ್ರಿ ಹೆಡ್ಡನ್ನು ಬೋರಲು ಹಾಕಿ, ಉಕ್ಕಿನ ನೇರಪಟ್ಟಿಯನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಇಟ್ಟು, ಅದರಡಿ ತೆಳುವಾದ ಅಳತೆಯ ಎಸಳುಗಳನ್ನು ತೂರಿಸಿ ನೋಡಿದರು. ಸಾಮಾನ್ಯವಾಗಿ ೦.೦೫ ಮಿಲಿಮೀಟರಿಗಿಂತ ಹೆಚ್ಚು ಡೊಂಕನ್ನು ಒಪ್ಪುವುದಿಲ್ಲ. ನನ್ನದು ಅದರ ಮೂರರಷ್ಟಿತ್ತು. ಅದನ್ನು ಯಂತ್ರಕ್ಕೆ ಕೊಟ್ಟು ಸಮಮಾಡಿಸಿದರು. ಹೆರೆಯುವುದಕ್ಕೂ ಮಿತಿಯುಂಟು, ಹೆಚ್ಚು ಹೆರೆದರೆ ಸಿಲಿಂಡರಿನ ಮೇಲಿನ ಜಾಗ ಕಿರಿದಾಗಿ ಸಂಪೀಡನ ಏರುತ್ತದೆ.

ಹಳೆಯ ಹಾಳೆಯ ಚೂರುಗಳನ್ನು ಬ್ಲಾಕಿನ ಮುಖದಿಂದ ತೆಗೆಯುವುದಕ್ಕೆ ಅವರಿಗೆ ಅರ್ಧ ದಿನ ಹಿಡಿಯಿತು. ತಿರುಗುವ ಉಜ್ಜುಚಕ್ರದಿಂದ ಹತ್ತು ನಿಮಿಷದಲ್ಲಿ ಮುಗಿಸಬಹುದಲ್ಲವೇ ಎಂದೆ. ಆ ಚಕ್ರದ ಪುಡಿ ಎಣ್ಣೆಯ ದಾರಿಗೆ ಬಿದ್ದರೆ ಬೇರಿಂಗು ತಿಂದುಹಾಕುತ್ತದೆಂದು ಹೇಳಿ ಮತ್ತೆ ಕೆರೆಯುವುದಕ್ಕೆ ತೊಡಗಿದರು. ಬೋಲ್ಟಿನ ಗುಳಿಗಳಲ್ಲಿ ನಿಂತ ನೀರನ್ನೂ ಎಣ್ಣೆಯನ್ನೂ ಬಟ್ಟೆಯಿಂದ ಒತ್ತಿ ತೆಗೆದರು; ದ್ರವ ನಿಂತ ಗುಳಿಗೆ ಬೋಲ್ಟು ಬಿಗಿದರೆ ಬಿಗುವಿನ ಅಳತೆ ಸುಳ್ಳಾಗುತ್ತದೆ, ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಬೋಲ್ಟುಗಳನ್ನೂ ಹೊಸದಾಗಿ ತರಿಸಿದರು. ಈಗಿನ ಬಹಳಷ್ಟು ಎಂಜಿನ್ನುಗಳಲ್ಲಿ ಇವು ಒಂದು ಸಲ ಎಳೆದು ನೀಳವಾಗುವಂತೆಯೇ ಬಿಗಿಯುವಂಥವು. ಮತ್ತೆ ಉಪಯೋಗಿಸಿದರೆ ಹಿಡಿತ ನಿಲ್ಲದು. ಬಿಗಿಯುವುದಕ್ಕೂ ಕ್ರಮವುಂಟು: ನಡುವಿನಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಹೊರಹೊರಗೆ, ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತಿನಲ್ಲಿ, ಕಡೆಯ ಸುತ್ತು ಕೋನದ ಅಳತೆಯಲ್ಲಿ. ಮಾತಿಲ್ಲದೆ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಎಣಿಸಿಕೊಳ್ಳುತ್ತ ಅವರು ಬಿಗಿಯುತ್ತಿದ್ದಾಗ ನಾನು ಯಾವುದೋ ಪ್ರಶ್ನೆ ಕೇಳಹೋಗಿ ಕೈಸನ್ನೆಯಿಂದ ತಡೆಸಿಕೊಂಡೆ.

ಹೆಡ್ಡು ಕೈಯಲ್ಲಿದ್ದಾಗಲೇ ಕವಾಟದ ಮುದ್ರೆಗಳನ್ನೂ ಬದಲಾಯಿಸಿಬಿಡುತ್ತೇನೆಂದು ಅವರು ಹೇಳಿದ್ದು ಒಳ್ಳೆಯದಾಯಿತು. ವರ್ಷಗಳಿಂದ ಆ ಕಾರು ಬೆಳಿಗ್ಗೆ ಒಂದು ಗುಕ್ಕು ನೀಲಿ ಹೊಗೆ ಬಿಡುತ್ತಿತ್ತು. ನಾನು ತಿಂಗಳಿಗೊಮ್ಮೆ ಎಣ್ಣೆ ಹುಯ್ಯುತ್ತ ಅದನ್ನು ವಯಸ್ಸಿನ ಲಕ್ಷಣವೆಂದು ಒಪ್ಪಿಕೊಂಡಿದ್ದೆ. ಅದೂ ನಿಂತಿತು. ಥರ್ಮೋಸ್ಟಾಟನ್ನು ಬದಲಾಯಿಸಿ, ರೇಡಿಯೇಟರನ್ನು ಎರಡು ಸಲ ತೊಳೆದು, ಹೊಸ ಎಣ್ಣೆ ಹೊಸ ಕೂಲೆಂಟು ತುಂಬಿದರು. ಐನೂರು ಕಿಲೋಮೀಟರು ಓಡಿದ ಮೇಲೆ ಎಣ್ಣೆಯನ್ನು ಇನ್ನೊಮ್ಮೆ ಬದಲಾಯಿಸಬೇಕೆಂದೂ, ಒಳಗೆ ಉಳಿದ ತೇವ ಅದರೊಡನೆ ಹೋಗಲಿಯೆಂದೂ ಚೀಟಿಯಲ್ಲಿ ಬರೆದುಕೊಟ್ಟರು.

ಬಿಲ್ಲು ಕೊಡುವಾಗ ಹಳೆಯ ಗ್ಯಾಸ್ಕೆಟ್ಟನ್ನು ಕೇಳಿ 뺗ದುಕೊಂಡು ಬಂದೆ. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿ, ‘ಇದೇ ವಾಸನೆ’ ಎಂದಳು.